ಮುಚ್ಚಿದ ಮೂಲೆ

ಯಾರಾದರೂ ಪೆನ್‌ಡ್ರೈವ್ ಚಾಚಿ, "ಸಣ್ಣ ಕೆಲಸ ಅದರಿ, ಚಹಾ ಆರೂದ್ರಾಗ ಆಗ್ತದ" ಎಂದರೆ, ಒಳಗಿನ ಮಾಡೆಲ್ಲನ್ನು ತೆರೆದು ನೋಡುವವರೆಗೆ ದರದ ಮಾತು ಆಡಬೇಡಿ. ಎಮ್ಮೆಯ ಹಲ್ಲು ನೋಡದೆ ಹಗ್ಗ ಹಿಡಿದವನನ್ನು ಸಂತೆಯಲ್ಲಿ ಏನೆನ್ನುತ್ತಾರೋ ನಮ್ಮ ಕಸುಬಿನಲ್ಲೂ ಅದನ್ನೇ ಅನ್ನುತ್ತಾರೆ. ಆ ಬುಧವಾರ ಉಸ್ತಾದರು ಪೆನ್‌ಡ್ರೈವ್ ತಂದಾಗಲೂ ನಾನು ಮೊದಲು ತೆರೆದೇ ನೋಡಿದೆ. ಹಲ್ಲು ನೋಡಿದೆ, ಗೊರಸು ನೋಡಿದೆ. ಯಾರ ಕೊಟ್ಟಿಗೆಯಿಂದ ಬಿಚ್ಚಿಕೊಂಡು ಬಂದದ್ದು ಎಂಬುದೊಂದನ್ನು ನೋಡಲಿಲ್ಲ.

ಉಸ್ತಾದರು ಎಂದರೆ ಬಸವಕಲ್ಯಾಣದಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿ ಕಟ್ಟುವ ವರ್ಕ್‌ಶಾಪಿನ ಯಜಮಾನರು. ಅವರ ಅಜ್ಜ ಎತ್ತಿನ ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದರಂತೆ. ನನ್ನ ಆಫೀಸು ಹುಮನಾಬಾದಿನಲ್ಲಿ, ಮಾಣಿಕನಗರದ ಆಟೋಗಳು ನಿಲ್ಲುವ ಕಡೆ, ಟೈರ್ ಅಂಗಡಿಯ ಮೇಲೆ. ಉಕ್ಕಿನ ಸಾಮಾನನ್ನು ಕಟ್ಟುವ ಮುಂಚೆಯೇ ಅದು ಭಾರ ತಡೆಯುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ರಿಪೋರ್ಟ್ ಕೊಡುವುದು ನಮ್ಮ ಕೆಲಸ. ನಮ್ಮ ಎಂದರೆ ಇಬ್ಬರದು. ಆಕಾರ ಬಿಡಿಸಿ ಮಾಡೆಲ್ ಮಾಡುವವನು ನನ್ನ ಪಾರ್ಟನರ್, ಅದನ್ನು ಲೆಕ್ಕಕ್ಕೆ ಹಚ್ಚುವವನು ನಾನು. ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ. ನಾನು ಅವನಿಗೆ "ಪಾರ್ಟನರ್", ಅವನು ನನಗೆ "ಪಾರ್ಟನರ್". ಆ ವಾರ ಅವನು ಮುಡಬಿಯ ತನ್ನ ಮನೆಗೆ ಸ್ಲ್ಯಾಬ್ ಹಾಕಿಸಲು ರಜೆ ಹಾಕಿದ್ದ.

ಪೆನ್‌ಡ್ರೈವಿನಲ್ಲಿದ್ದದ್ದು ಒಂದು ಬ್ರಾಕೆಟ್. ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರ್ಯಾಲಿ ಹೋಗುವುದನ್ನು ನೀವು ನೋಡಿರುತ್ತೀರಿ. ಮುಂದಿನ ಟ್ರ್ಯಾಲಿಯ ಬೆನ್ನಿಗೆ ಹಿಂದಿನದನ್ನು ಸಿಕ್ಕಿಸುವ ಕೊಂಡಿ ಇರುತ್ತದಲ್ಲ, ಆ ಕೊಂಡಿಯನ್ನು ಹೊರುವ ಉಕ್ಕಿನ ಗೂಡು ಅದು. ಒಂದು ದಪ್ಪ ಪ್ಲೇಟು, ಅದಕ್ಕೆ ಆನಿಕೆಯಾಗಿ ಅಕ್ಕಪಕ್ಕ ತ್ರಿಕೋನದ ರಿಬ್ಬುಗಳು. ಅದು ಮುರಿದರೆ ಕಬ್ಬು ತುಂಬಿದ ಟ್ರ್ಯಾಲಿ ಹೊರಳುತ್ತದೆ. ಕಬ್ಬಿನ ಮೇಲೆ ಕಡಿಯುವ ಜನ ಕೂತಿರುತ್ತಾರೆ. ಹಾಗಾಗಿ ಈ ಸಲ ಸಾಗಣೆಯ ಗುತ್ತೇದಾರ, ರಿಪೋರ್ಟ್ ಇಲ್ಲದ ಟ್ರ್ಯಾಲಿ ಬೇಡ ಎಂದಿದ್ದನಂತೆ.

"ಯಾರ ಡಿಸೈನ್ ರಿ ಇದು, ಉಸ್ತಾದ್?" ಎಂದೆ.

"ಅದಾರ ಒಬ್ಬರು. ಹೆಸರು ಎತ್ತಬ್ಯಾಡ್ರಿ ಅಂದಾರ. ಜಬಾನ್ ಕೊಟ್ಟೀನಿ. ಕಲಬುರಗಿಯವರ ಕಡೆ ಕೊಟ್ಟಿದ್ದೆ, ಅವರ ಕಂಪ್ಯೂಟರ್ ಇದನ್ನ ಬಾಯಾಗ ಹಾಕ್ಕೊಂಡು ಉಗಳಾಕತ್ತದ. ನಿಮ್ಮದು ನುಂಗ್ತದ ಅಂತ ಎಲ್ಲರೂ ಹೇಳಿದ್ರು."

"ನುಂಗಿಸೋದು ನಾನ್ರಿ. ಕಂಪ್ಯೂಟರ್ ಎಲ್ಲರ ಮನ್ಯಾಗೂ ಅದ."

"ಅದಕ್ಕೇ ಬಂದೀನಲ್ಲ ಇಂಜಿನಿಯರ್ ಸಾಬ್. ಶನಿವಾರ ಮುಂಜಾನಿ ಪ್ಲೇಟ್ ಕತ್ತರಿಸಾಕ ಕುಂಡ್ರಬೇಕು. ತಾರೀಕು ಸರಿಸಿದ್ರ ಆರ್ಡರ್ ಸೋಲಾಪುರದ ಕಡೆ ಹೋಗ್ತದ."

ಹೆಸರು ಮುಚ್ಚಿಡುವುದು ನಮ್ಮ ಧಂದೆಯಲ್ಲಿ ಮಾಮೂಲಿ, ನಾನು ಒತ್ತಾಯಿಸಲಿಲ್ಲ. ಉಸ್ತಾದರು ಹೆಗಲ ಮೇಲಿನ ರುಮಾಲು ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಸಿ, ದನದ ಸಂತೆಯಲ್ಲಿ ಮಾಡುವಂತೆ ಕೆಳಗಿನಿಂದ ನನ್ನ ಬೆರಳು ಹಿಡಿದರು.

"ಇಲ್ಲಿ ನಮ್ಮಿಬ್ಬರ ಬಿಟ್ಟು ಯಾರ ಅದಾರ್ರಿ?" ಎಂದೆ.

"ಆದತ್ ಭಾಯಿ, ರೂಢಿ ಬಿದ್ದದ. ರುಮಾಲ್ ಇಲ್ದ ನಂಗ ದರ ಬಾಯಿಗೆ ಬರಂಗಿಲ್ಲ."

ನಾನು ಎರಡು ಸಲ ಬೆರಳು ಬದಲಿಸಿದೆ, ಅವರು ಒಂದು ಸಲ. ವ್ಯವಹಾರ ಮುಗಿಯಿತು.

ಮೆಶ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಇಡೀ ಬ್ರಾಕೆಟ್ಟಿನ ಬಲವನ್ನು ಒಂದೇ ಏಟಿಗೆ ಲೆಕ್ಕ ಹಾಕುವುದು ಆಗದ ಮಾತು. ಅದಕ್ಕೇ ಅದನ್ನು ಸಾವಿರಾರು ಚೂರುಗಳನ್ನಾಗಿ ಮಾಡಿ, ಒಂದೊಂದು ಚೂರಿನ ಲೆಕ್ಕ ತೆಗೆದು, ಮತ್ತೆ ಜೋಡಿಸುತ್ತಾರೆ. ಆ ಚೂರುಗಳ ಬಲೆಗೇ ಮೆಶ್ ಎನ್ನುವುದು, ಕೌದಿ ಹೊಲಿದಂತೆ. ಪಕ್ಕದ ತುಂಡಿನ ಅಂಚಿಗೆ ಈ ತುಂಡಿನ ಅಂಚು ಸರಿಯಾಗಿ ಕೂಡಬೇಕು. ಎಲ್ಲೋ ಒಂದು ಕಡೆ ಕೂದಲೆಳೆಯ ಸಂದು ಇದ್ದರೆ, ಒಂದು ಅಂಚು ಇನ್ನೊಂದರ ಮೇಲೆ ಹತ್ತಿದ್ದರೆ, ಅಲ್ಲಿ ದಾರ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಅಷ್ಟಕ್ಕೇ ಕೈ ಎತ್ತುತ್ತದೆ.

ಕೈ ಎತ್ತಿತು. ದೊಡ್ಡ ಚೂರು ಮಾಡಿ ನೋಡಿದೆ, ಆಗಲಿಲ್ಲ. ಸಣ್ಣ ಚೂರು ಮಾಡಿದೆ, ಇನ್ನೂ ಬೇಗ ನಿಂತಿತು. ಸುಮ್ಮನೆ ಮೇಲ್ಮೈಗೆ ಮಾತ್ರ ಮೆಶ್ ಹಾಕಿದೆ: ಹೊದ್ದಿಸಿದ ಹಾಗೆ ನುಣ್ಣಗೆ ಕೂತಿತು. ಒಳಗನ್ನು ತುಂಬು ಎಂದ ಕೂಡಲೇ ಮತ್ತೆ ಅದೇ ತಕರಾರು, ಎರಡು ಮೈಗಳು ಒಂದನ್ನೊಂದು ಕತ್ತರಿಸುತ್ತಿವೆ ಎಂದು. ಇದು ಒಳ್ಳೆಯ ಸುಳಿವು, ನೆನಪಿಡಿ. ಹೊರಗೆ ಮೆಶ್ ಆಗಿ ಒಳಗೆ ಆಗದಿದ್ದರೆ ರೋಗ ಹೊಟ್ಟೆಯಲ್ಲಿದೆ ಎಂದರ್ಥ. ಪ್ರತಿ ಸಲವೂ ಕೆಂಪಗೆ ಹತ್ತಿಕೊಳ್ಳುತ್ತಿದ್ದ ಜಾಗ ಒಂದೇ. ರಿಬ್ಬು, ಪ್ಲೇಟು, ತಳ, ಮೂರೂ ಕೂಡುವ ಕೆಳಗಿನ ಮೂಲೆ.

ಮಾಡೆಲ್ ಬಂದಿದ್ದು ಎಲ್ಲ ಸಾಫ್ಟ್‌ವೇರುಗಳೂ ಓದುವ ಸಾದಾ ಫೈಲಿನಲ್ಲಿ. ಅಂಥ ಫೈಲಿನಲ್ಲಿ ಆಕಾರ ಇರುತ್ತದೆ, ಅದನ್ನು ಯಾರು ಯಾವ ಕ್ರಮದಲ್ಲಿ ಕಟ್ಟಿದರು ಎಂಬ ಚರಿತ್ರೆ ಇರುವುದಿಲ್ಲ. ಮಾಡಿದ ಅಡುಗೆ ಬಡಿಸಿದ ಹಾಗೆ, ಏನು ಹಾಕಿದ್ದಾರೆ ಎಂದು ನಾಲಿಗೆಯಿಂದಲೇ ತಿಳಿಯಬೇಕು. ಟಾಲರೆನ್ಸ್ ಹೆಚ್ಚಿಸಿದೆ. ಟಾಲರೆನ್ಸ್ ಎಂದರೆ ಎಷ್ಟು ಸಂದಿನವರೆಗೆ ಕಣ್ಣು ಮುಚ್ಚಿಕೊಳ್ಳುತ್ತೀ ಎಂದು ಕಂಪ್ಯೂಟರಿನ ಜೊತೆ ಮಾಡುವ ಚೌಕಾಶಿ. ಚೌಕಾಶಿ ನನ್ನ ರಕ್ತದಲ್ಲಿದೆ. ಆದರೆ ಇದೊಂದು ಕಡೆ ಕೈ ಬಿಗಿ ಹಿಡಿಯಬೇಕು. ಸಡಿಲ ಬಿಟ್ಟರೆ ಬೇಡದ ಸಂದಿನ ಜೊತೆಗೆ ಬೇಕಾದ ಸಂದನ್ನೂ ಹೊಲಿದುಬಿಡುತ್ತದೆ. ಸ್ವಲ್ಪ ಹೆಚ್ಚಿಸಿದೆ, ಆಗಲಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಗುರುವಾರ ಮಧ್ಯಾಹ್ನ ಪಾರ್ಟನರ್‌ಗೆ ಫೋನ್ ಮಾಡಿದೆ. ಮಾಡೆಲ್ಲಿನ ರೋಗ ಮಾಡೆಲ್ ಮಾಡುವವನಿಗೆ ಬೇಗ ತಿಳಿಯುತ್ತದೆ. ಕಾಂಕ್ರೀಟ್ ಮಷಿನ್ನಿನ ಗದ್ದಲದ ನಡುವೆ ಅವನ ದನಿ ಬಂತು.

"ಹೇಳು ಪಾರ್ಟನರ್."

"ಒಂದು ಬ್ರಾಕೆಟ್ ಬಂದದ. ರಿಬ್ಬಿನ ಕೆಳಗಿನ ಮೂಲ್ಯಾಗ ಮೆಶ್ ಒಡ್ಯಾಕತ್ತದ. ಮೈ ಮ್ಯಾಲೆ ಏನೂ ಕಾಣವಲ್ದು. ಏನಿರಬಹುದು?"

ಅವನು ಗದ್ದಲದಿಂದ ದೂರ ಸರಿದ. ಆಮೇಲೆ ಕೇಳಿದ: "ಯಾರ ಕೆಲಸ?"

"ಬಸವಕಲ್ಯಾಣದ್ದು. ಟ್ರ್ಯಾಲಿದು."

"ಆಟೋ ರಿಪೇರಿ ಹೊಡ್ದು ಮುಚ್ಚಿಬಿಡು. ಉಗುರಿನಷ್ಟು ಜಾಗ, ಯಾರ ನೋಡ್ತಾರ? ಅದರ ಹಿಂದ ಬಿದ್ದು ದಿನಾ ಹಾಳ ಮಾಡ್ಕೋಬ್ಯಾಡ." ಫೋನ್ ಇಡುವ ಮೊದಲು ಸೇರಿಸಿದ: "ಊಟ ಆತಿಲ್ಲೋ ಇನ್ನಾ?"

ಊಟ ಆಗಿರಲಿಲ್ಲ. ಅದನ್ನು ಕೇಳುವವನು ಅವನೊಬ್ಬನೇ ಇದ್ದ.

ಅವನು ಹೇಳಿದಂತೆ ಮಾಡೆಲ್ಲಿನ ಒಂದು ನಕಲು ಮಾಡಿಕೊಂಡು ಆಟೋ ರಿಪೇರಿ ಒತ್ತಿದೆ. ಮೂಲೆ ಸಪಾಟಾಯಿತು. ಮೆಶ್ ಒಂದೇ ಉಸಿರಿಗೆ ಕೂತಿತು. ಭಾರ ಹಚ್ಚಿದೆ, ಬ್ರಾಕೆಟ್ ತುಂಬ ಹಸಿರು. ಎಲ್ಲೂ ಅಪಾಯದ ಬಣ್ಣವಿಲ್ಲ. ರಿಪೋರ್ಟ್ ಬರೆದು ಸಹಿ ಹಾಕಿದ್ದರೆ ಗುತ್ತೇದಾರನೂ ಖುಷಿ, ಉಸ್ತಾದರೂ ಖುಷಿ.

ಆದರೆ ನನ್ನದೊಂದು ಕಟ್ಟಳೆ ಇದೆ. ತೊಂದರೆ ಕೊಟ್ಟ ಮೈಯನ್ನು ಅಳಿಸುವ ಮೊದಲು ಅದು ಅಲ್ಲಿಗೆ ಯಾಕೆ ಬಂತು ಎಂದು ಕೇಳಬೇಕು. ನಕಲನ್ನು ಮುಚ್ಚಿ ಮೂಲ ಮಾಡೆಲ್ ತೆರೆದು, ರಿಬ್ಬನ್ನು ದಪ್ಪದ ನಡುವೆ ಕಲ್ಲಂಗಡಿ ಸೀಳಿದಂತೆ ಸೀಳಿ ಒಳಗನ್ನು ನೋಡಿದೆ. ಮೂಲೆ ಭರ್ತಿ ಇತ್ತು. ಇನ್ನೂ ಹತ್ತಿರ ಹೋದೆ. ಭರ್ತಿಯ ನಡುವೆ ಒಂದು ಗೆರೆ ಕಂಡಿತು. ಅದು ಗೆರೆಯಲ್ಲ, ಸಂದು. ಯಾರೋ ಅಲ್ಲಿದ್ದ ಒಂದು ತೂತಿಗೆ ತುಂಡು ತುರುಕಿ, ಎರಡೂ ಬದಿಗೆ ತೊಗಲು ಎಳೆದು ಮುಚ್ಚಿದ್ದರು. ತುಂಡು ತೂತಿಗೆ ಸರಿಯಾಗಿ ಕೂತಿರಲಿಲ್ಲ. ಒಂದು ಕಡೆ ಕೊಂಚ ಕಡಿಮೆ, ಇನ್ನೊಂದು ಕಡೆ ಕೊಂಚ ಹತ್ತಿಕೊಂಡಿತ್ತು. ಆ ಸಂದು ಹಳೆಯ ತೂತಿನ ಗಡಿಯನ್ನು ಚಾಕುವಿನಿಂದ ಬರೆದಂತೆ ಹಾಗೇ ಉಳಿಸಿತ್ತು. ಕಾಲುಭಾಗ ದುಂಡು, ನಡುವೆ ಒಂದು ಪುಟ್ಟ ಚಪ್ಪಟೆ ಅಂಚು.

ಆ ಚಪ್ಪಟೆ ಅಂಚು ನನ್ನದು.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಗಾಡಿ ಕಟ್ಟುವ ವರ್ಕ್‌ಶಾಪುಗಳಲ್ಲಿ ತಗಡಿನ ಅಚ್ಚುಗಳಿರುತ್ತವೆ, ಫರ್ಮಾ ಎನ್ನುತ್ತಾರೆ. ಅದನ್ನು ಪ್ಲೇಟಿನ ಮೇಲಿಟ್ಟು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುವುದು. ಫರ್ಮಾ ಕೈಯಿಂದ ಕೈಗೆ ಹೋಗುತ್ತದೆ, ಕೇಳಿದರೆ ಇಲ್ಲ ಎನ್ನುವ ಹಾಗಿಲ್ಲ. ಆದರೆ ಪ್ರತಿ ಉಸ್ತಾದನೂ ತನ್ನ ಫರ್ಮಾದಲ್ಲಿ ಎಲ್ಲೋ ಒಂದು ಕಡೆ, ಕೆಲಸ ಕೆಡದ ಜಾಗದಲ್ಲಿ, ಒಂದು ಖೂನಾ, ಎಂದರೆ ಗುರುತು, ಹಾಕಿರುತ್ತಾನೆ: ಸಣ್ಣ ಕಚ್ಚು, ಚೂರು ಓರೆ. ಗೊತ್ತಿಲ್ಲದವನು ಗೆರೆ ಎಳೆದರೆ ಖೂನಾ ಸಮೇತ ಎಳೆಯುತ್ತಾನೆ. ಆಮೇಲೆ ಯಾರ ಗಾಡಿಯಲ್ಲಿ ಯಾರ ಖೂನಾ ಇದೆ ಎಂದು ಬಲ್ಲವರು ಕೈ ಆಡಿಸಿಯೇ ಹೇಳುತ್ತಾರೆ. ನಾನು ಕೆಲಸ ಕಲಿತದ್ದು ಅಂಥ ತಗಡಿನ ಧೂಳಿನಲ್ಲೇ. ಕಂಪ್ಯೂಟರಿಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ನನ್ನ ಸ್ವಂತ ಡಿಸೈನಿನಲ್ಲಿ ದುಂಡು ತೂತಿನ ಅಂಚಿಗೆ ಒಂದು ಚಪ್ಪಟೆ ಕೊಡುತ್ತೇನೆ.

ಈ ಬ್ರಾಕೆಟ್ ನನ್ನ ಸ್ವಂತ ಡಿಸೈನು. ಯಾರಿಗೂ ಮಾರಿರಲಿಲ್ಲ, ಈ ಹಂಗಾಮಿಗೆ ಮಾತುಕತೆ ಶುರು ಮಾಡಬೇಕೆಂದಿದ್ದೆ. ಉಸ್ತಾದರು ತಂದದ್ದರಲ್ಲಿ ಪ್ಲೇಟು ಅಗಲವಾಗಿತ್ತು, ಬೋಲ್ಟಿನ ಜಾಗ ಸರಿದಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಮೂಲೆಯ ತೂತು ಇರಲಿಲ್ಲ. ಅದಕ್ಕೇ ಗುರುತು ಸಿಕ್ಕಿರಲಿಲ್ಲ. ಯಾರೋ ನನ್ನ ಹಾಗೇ ಯೋಚಿಸಿದ್ದಾರಲ್ಲ ಎಂದು ಬುಧವಾರ ಕೊಂಚ ಖುಷಿಯೂ ಪಟ್ಟಿದ್ದೆ.

ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ನಿಂತೆ. ಕೆಳಗೆ ಆಟೋದವರು ಮಾಣಿಕನಗರ, ಮಾಣಿಕನಗರ ಎಂದು ಕೂಗುತ್ತಿದ್ದರು. ನನ್ನ ತಲೆ ಲೆಕ್ಕ ಹಾಕುವುದನ್ನು ನಿಲ್ಲಿಸಲಿಲ್ಲ. ಹೊರಗಿನ ಕಳ್ಳನಾಗಿದ್ದರೆ ಖೂನಾ ಹೊತ್ತುಕೊಂಡೇ ಹೋಗುತ್ತಿದ್ದ, ಅದು ಖೂನಾ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಮುಚ್ಚಿದವನಿಗೆ ಗೊತ್ತಿತ್ತು. ಅದನ್ನು ನಾನು ತೋರಿಸಿದ್ದು ಲೋಕದಲ್ಲಿ ಒಬ್ಬನಿಗೇ, ಕೆಳಗಿನ ಹೋಟೆಲಿನಲ್ಲಿ ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿನಿಂದ ಬರೆದು. ಅವನು ನಕ್ಕಿದ್ದ: "ನೀ ಸಂತ್ಯಾಗಿನ ದಲಾಲಿ ಪಾರ್ಟನರ್, ಎಮ್ಮಿ ಕಿವಿ ಕತ್ತರಿಸಿ ಗುರ್ತ ಇಟ್ಟಂಗ."

ಶುಕ್ರವಾರ ಬಸವಕಲ್ಯಾಣದ ಬಸ್ ಹತ್ತಿದೆ. ಅನುಮಾನವನ್ನು ಸಾಬೀತು ಮಾಡಿಕೊಳ್ಳದೆ ಬಾಯಿ ಬಿಡಬಾರದು, ಇದು ವ್ಯಾಪಾರಕ್ಕೂ ಸಂಸಾರಕ್ಕೂ ಸಲ್ಲುವ ಮಾತು. ಉಸ್ತಾದರು ನಮಾಜು ಮುಗಿಸಿ ಬಂದು ವರ್ಕ್‌ಶಾಪಿನ ಬಾಗಿಲಲ್ಲಿ ಕೂತಿದ್ದರು. ಒಳಗೆ ಪ್ಲಾಸ್ಮಾ ಕಟಿಂಗ್ ಮಷಿನ್ನಿನ ಪಕ್ಕದಲ್ಲಿ ದಪ್ಪ ಪ್ಲೇಟುಗಳ ಗುಡ್ಡೆ ಬಂದು ಬಿದ್ದಿತ್ತು. ಉಕ್ಕಿನ ದರ, ಈ ವರ್ಷದ ಕಬ್ಬು, ಸೋಲಾಪುರದವರ ಹಾವಳಿ ಎಲ್ಲ ಮಾತಾಡಿ, ಕೊನೆಗೆ, "ಡಿಸೈನ್ ಮಾತ್ರ ಭಾರಿ ಅದರಿ. ಮಾಡಿದವರಿಗೆ ಟ್ರ್ಯಾಲಿಯ ಅನುಭವ ಇರಬೇಕು" ಎಂದೆ.

ಹೊಗಳಿಕೆಗೆ ಉಸ್ತಾದರು ಕರಗಿದರು. "ಅನುಭವ ಅಂದ್ರ? ಕೇಳ್ರಿ ಇಲ್ಲಿ. ಹೆಸರು ಕೇಳಬ್ಯಾಡ್ರಿ, ಮಾತು ಕೇಳ್ರಿ." ಫೋನಿನಲ್ಲಿ ಬಂದಿದ್ದ ಒಂದು ವಾಯ್ಸ್ ಮೆಸೇಜ್ ಹಚ್ಚಿದರು.

"ಉಸ್ತಾದ್, ನಿಶ್ಚಿಂತಿ ಇರ್ರಿ. ಕೊಡಂಬಲ ಹತ್ರ ಜೋಡು ಟ್ರ್ಯಾಲಿ ಹೊಳ್ಳಿತ್ತಲ್ಲ, ಅದರ ಕೆಳಗ ನಾನೇ ಮಲ್ಕೊಂಡು ಬಿರುಕು ನೋಡಿ ಬಂದೀನಿ. ಅದನ್ನ ನೋಡೇ ಇದನ್ನ ಮಾಡೀನಿ. ಎಷ್ಟ ತಿಂಗಳ ಕುಂತೀನಿ ನಂಗ ಗೊತ್ತದ."

ನನ್ನ ಪಾರ್ಟನರ್‌ನ ದನಿ. ಕೊಡಂಬಲದ ಹತ್ತಿರ ಕೆಸರಿನಲ್ಲಿ ಟ್ರ್ಯಾಲಿಯ ಕೆಳಗೆ ಮಲಗಿದ್ದು ನಾನು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಬೆಳಕು ಹಿಡಿದಿದ್ದ. ಕಬ್ಬು ಕಡಿಯುವ ಒಬ್ಬನ ಕಾಲು ಆ ಟ್ರ್ಯಾಲಿಯ ಅಡಿಗೆ ಸಿಕ್ಕು ಹೋಗಿತ್ತು. ಬಿರುಕು ಹುಟ್ಟಿದ್ದು ಸರಿಯಾಗಿ ರಿಬ್ಬಿನ ಕೆಳಮೂಲೆಯಲ್ಲಿ, ಮೂರು ವೆಲ್ಡಿಂಗು ಒಂದೇ ಬಿಂದುವಿಗೆ ಬಂದು ಕೂಡಿದ ಕಡೆ. ಅಷ್ಟು ಬೆಂಕಿ ಒಂದೇ ಕಡೆ ಬಿದ್ದರೆ ಉಕ್ಕು ಒಳಗೊಳಗೇ ಬಿಗಿದು, ದಿನಾ ಜಗ್ಗಾಡಿದಾಗ ಅಲ್ಲಿಂದಲೇ ಸೀಳುತ್ತದೆ. ಆ ಮೂಲೆಯನ್ನು ಕತ್ತರಿಸಿ ತೂತು ಬಿಟ್ಟರೆ ಮೂರು ವೆಲ್ಡಿಂಗು ಕೂಡುವುದೇ ಇಲ್ಲ. ನನ್ನ ಡಿಸೈನಿನ ಜೀವ ಇದ್ದದ್ದು ಅಲ್ಲಿ. ಕಂಪ್ಯೂಟರಿನ ಹಸಿರು ಬಣ್ಣಕ್ಕೆ ವೆಲ್ಡಿಂಗಿನ ಈ ಸಿಟ್ಟು ಗೊತ್ತಿಲ್ಲ, ಅದು ಉಕ್ಕು ಹೆಚ್ಚಾದರೆ ಹಸಿರು ಹೆಚ್ಚು ತೋರಿಸುತ್ತದೆ, ಅಷ್ಟೇ.

"ಉಸ್ತಾದ್, ಒಂದು ಮಾತು. ರಿಬ್ಬಿನ ಕೆಳಗಿನ ಮೂಲಿ ತೆರೀಬೇಕು. ಇಷ್ಟು ದುಂಡಗ ಕತ್ತರಿಸಬೇಕು" ಎಂದು ಬೆರಳು ಮಡಿಸಿ ತೋರಿಸಿದೆ.

ಉಸ್ತಾದರ ಮುಖ ಸಣ್ಣದಾಯಿತು. "ತೂತಾ? ಅರೆ ಭಾಯಿ, ರೈತರು ಟ್ರ್ಯಾಲಿ ತಗೊಳ್ಳೂ ಮುಂದ ಬಗ್ಗಿ ಬಗ್ಗಿ ನೋಡ್ತಾರ. ರಿಬ್ಬಿನ್ಯಾಗ ತೂತು ಕಂಡ್ರ 'ಸಾಬ ಕಬ್ಬಿಣ ಹೊಡದ' ಅಂತಾರ. ಬುಧವಾರ ನಿಮ್ಮ ಸ್ಕ್ರೀನಿನ್ಯಾಗ ಭರ್ತಿ ಕಂಡಿತ್ತು, ಅದಕ್ಕೇ ನಂಗ ಈ ಡಿಸೈನ್ ಮತ್ತಷ್ಟು ಪಸಂದ್ ಬಂತು."

"ಭರ್ತಿ ಇದ್ರ ಮುರೀತದರಿ."

"ನೀವು ಲೆಕ್ಕದವರು. ನಿಮ್ಮ ಮಾತು ಗಲತ್ ಅನ್ನಂಗಿಲ್ಲ. ಆದ್ರ ಡಿಸೈನ್ ಮಾಡಿದವ್ರು ತೂತು ಇಟ್ಟಿಲ್ಲ. ಅವ್ರ ಬಾಯಿಂದ ಬರ್ಲಿ, ಈಗಿಂದೀಗ ತೆರೀತೀನಿ. ಇಲ್ಲಾಂದ್ರ ಮುಂಜಾನಿ ಹಿಂಗೇ ಕತ್ತರಿಸ್ತೀನಿ. ರಿಪೋರ್ಟ್ ನೀವು ಕೊಡದಿದ್ರ ಮತ್ತೊಬ್ಬರು ಕೊಡ್ತಾರ."

ಡಿಸೈನ್ ಮಾಡಿದವನು ನಾನೇ ಎಂದು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದ್ದೆ. ಅವರ ಕಿವಿಯಲ್ಲಿ ಆಗಲೇ ಇನ್ನೊಬ್ಬನ ದನಿ, ಇನ್ನೊಬ್ಬನ ಕಥೆ ಕೂತಿತ್ತು. ನಾನು ಹಳೆಯ ಫೈಲು ತೋರಿಸಿದರೆ ಅವನು ಅದು ತನ್ನದೇ ನಕಲು ಎನ್ನುತ್ತಿದ್ದ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರೂ ಕೂರುವವರು. ಪಂಚಾಯಿತಿ ಕೂತು ಮುಗಿಯುವುದರೊಳಗೆ ಪ್ಲೇಟುಗಳೆಲ್ಲ ಕತ್ತರಿಸಿ ವೆಲ್ಡಿಂಗಿಗೆ ಹೋಗಿರುತ್ತಿದ್ದವು. ನನಗೆ ಬೇಕಾದದ್ದು ಆ ಮೂಲೆ, ಅದನ್ನು ತೆರೆಯುವ ಮಾತು ಇದ್ದದ್ದು ಅವನ ಬಾಯಲ್ಲಿ. ವರ್ಕ್‌ಶಾಪಿನಿಂದ ಹೊರಬಿದ್ದು ನೇರವಾಗಿ ಮುಡಬಿಯ ಆಟೋ ಹತ್ತಿದೆ.

ಪಾರ್ಟನರ್ ಹೊಸ ಸ್ಲ್ಯಾಬಿಗೆ ನೀರು ಹೊಡೆಯುತ್ತಿದ್ದ. ನನ್ನನ್ನು ಕಂಡು ಪೈಪು ಕೆಳಗಿಟ್ಟ. ಯಾಕೆ ಬಂದೆ ಎಂದು ಕೇಳಲಿಲ್ಲ. ಅದೇ ಸಾಕಾಯಿತು. ಇಬ್ಬರೂ ನಡೆದು ಹೋಗಿ ಬಸ್ ನಿಲ್ಲುವ ಕಟ್ಟೆಯ ಮೇಲೆ ಕೂತೆವು.

"ಕದ್ದಿ, ಸರಿ. ತೂತು ಯಾಕ ಮುಚ್ಚಿದಿ?" ಎಂದೆ.

"ಕದ್ದಿ ಅನಬ್ಯಾಡ. ಆ ಮಾಡೆಲ್ಲಿನ ಒಂದೊಂದು ಗೆರಿ ನನ್ನ ಕೈಯಿಂದ ಬಿದ್ದದ."

"ಹೇಳಿದವ ಯಾರು?"

"ಹೇಳೂದು ನೀನ, ಮಾಡೂದು ನಾನ. ಬೋರ್ಡಿನ ಮ್ಯಾಲೆ ಯಾರ ಹೆಸರದ? ರಿಪೋರ್ಟಿಗೆ ಸಹಿ ಯಾರದು? ಗಿರಾಕಿ ಬಂದ್ರ 'ಸಾಬ್ ಅದಾರೇನು' ಅಂತ ನನ್ನೇ ಕೇಳ್ತಾರ, ನಾ ಬಾಗಲ ಕಾಯೂ ಮನಶ್ಯಾ ಇದ್ದಂಗ. ಒಂದರೆ ನನ್ನ ಹೆಸರಿನ್ಯಾಗ ಹೋಗ್ಲಿ ಅನಿಸ್ತು."

"ಬೋರ್ಡ್ ಬದಲು ಮಾಡು ಅನ್ನಬೇಕಿತ್ತು. ಬಾಯಿ ಇದ್ದಿಲ್ಲೇನು?"

"ನಿನ್ನ ಕೂಡ ಚೌಕಾಶಿ ಮಾಡಿ ಗೆದ್ದವ ಯಾರದಾನ?"

ನಾನು ಮತ್ತೆ ಅದೇ ಕೇಳಿದೆ. "ತೂತು ಯಾಕ ಮುಚ್ಚಿದಿ? ಖೂನಾ ಬ್ಯಾಡಾಗಿದ್ರ ಅಂಚನ್ನ ದುಂಡಗ ಮಾಡಬೇಕಿತ್ತು. ಎರಡ ಗೆರಿ ಕೆಲಸ."

ಅವನು ಕಟ್ಟೆಯ ಮೇಲಿನ ಕಲ್ಲು ಚೂರು ಎತ್ತಿ ಕೆಳಗೆ ಹಾಕಿದ. "ದುಂಡಗ ಮಾಡಿದ್ರೂ ತೂತು ಕಂಡ್ರ ನಿಂದೇ ಅಂತ ನಿಂಗ ತಿಳೀತಿತ್ತು. ಭರ್ತಿ ಮಾಡಿದ್ರ ಯಾರ್ದೋ ಬ್ಯಾರೆ ಕಾಣ್ತದ ಅಂತ."

"ಕೊಡಂಬಲದಾಗ ಬೆಳಕು ಹಿಡಿದವ ನೀ."

"ಎಲ್ಲಾ ಭರ್ತಿ ರಿಬ್ಬು ಮುರ್ಯಂಗಿಲ್ಲ."

ಆಗ ನನಗೆ ಆದದ್ದನ್ನು ಸಿಟ್ಟು ಎನ್ನಲಾರೆ. ಹಣ ಹೊಡೆದವನ ಮೇಲೆ ಸಿಟ್ಟು ಬರುತ್ತದೆ, ಅವನ ಮನೆಯ ಮುಂದೆ ನಿಂತು ಕೂಗಬಹುದು. ಇವನು ತೂತು ಯಾಕಿದೆ ಎಂದು ನನ್ನಷ್ಟೇ ಚೆನ್ನಾಗಿ ಗೊತ್ತಿದ್ದೂ ಮುಚ್ಚಿದ್ದ. ನಾನು ಫೋನ್ ಮಾಡಿದಾಗಲೂ ಮುಚ್ಚು ಎಂದೇ ಹೇಳಿ, ಆಮೇಲೆ ಊಟ ಆಯಿತೇ ಎಂದು ಕೇಳಿದ್ದ. ಪಕ್ಕದಲ್ಲಿ ಕೂತಿದ್ದ ಮನುಷ್ಯ ಯಾರೆಂದೇ ತಿಳಿಯದ ಹಾಗಾಯಿತು.

ಆದರೂ ಚೌಕಾಶಿಗೇ ಕೂತೆ, ನನಗೆ ಬರುವುದು ಅದೊಂದೇ. "ಮುಂಜಾನಿ ಉಸ್ತಾದರ ಕಡೆ ಬಾ. ಮೂಲಿ ತೆರೀರಿ ಅಂತ ನಿನ್ನ ಬಾಯಿಂದ ಹೇಳು. ಡಿಸೈನ್ ನಂದು ಅಂತ ನಾ ಉಸ್ತಾದರ ಮುಂದ ಅನ್ನಂಗಿಲ್ಲ."

ನನ್ನ ಬಳಿ ಕಲಿತವನು, ಮೊದಲ ಮಾತಿಗೆ ಒಪ್ಪುತ್ತಾನೆಯೇ? "ದುಂಡಗ ತೆರೀಬೇಕು. ನಿನ್ನ ಖೂನಾ ಇರಬಾರ್ದು."

"ಇರಂಗಿಲ್ಲ."

"ಮುಂದನೂ ಅನಬಾರ್ದು. ಉಸ್ತಾದರಿಗೆ ಅಷ್ಟೇ ಅಲ್ಲ, ಪ್ಯಾಟ್ಯಾಗ ಯಾರ ಮುಂದನೂ."

ಒಪ್ಪಿದೆ. ಕೈ ಕೊಟ್ಟ, ಹಿಡಿದೆ. ಹುಮನಾಬಾದಿಗೆ ಬಂದು ನನ್ನ ಕೈಯಿಂದಲೇ ಮಾಡೆಲ್ ಸರಿ ಮಾಡಿದೆ. ತುರುಕಿದ ತುಂಡು ತೆಗೆದೆ, ತೊಗಲು ಸುಲಿದೆ, ಅಂಚಿನ ಚಪ್ಪಟೆಯನ್ನು ಸವರಿ ದುಂಡು ಮಾಡಿದೆ. ಮೆಶ್ ಮೊದಲ ಸಲಕ್ಕೇ ಕೂತಿತು. ತೂತಿನ ಸುತ್ತ ಲೆಕ್ಕ ಹಳದಿಗೆ ತಿರುಗಿತು, ಕೆಂಪಿಗೆ ಹೋಗಲಿಲ್ಲ. ಹಳದಿಯೇ ಸರಿ, ಅದು ಸುಳ್ಳು ಹೇಳುತ್ತಿರಲಿಲ್ಲ. ಮಷಿನ್ನಿಗೆ ಬೇಕಾದ ಕಟಿಂಗ್ ಫೈಲನ್ನೂ ಮಾಡಿಕೊಂಡೆ.

ಶನಿವಾರ ಮುಂಜಾನೆ ನಾನು ವರ್ಕ್‌ಶಾಪಿಗೆ ಹೋದಾಗ ಪಾರ್ಟನರ್ ಆಗಲೇ ಬಂದು ಕೂತಿದ್ದ, ಇಸ್ತ್ರಿ ಅಂಗಿ ಹಾಕಿಕೊಂಡು. ಉಸ್ತಾದರು ನಮ್ಮಿಬ್ಬರನ್ನೂ ಪ್ಲೇಟಿನ ಗುಡ್ಡೆಯ ಎದುರು ನಿಲ್ಲಿಸಿದರು.

"ಈಗ ಹೆಸರು ಬಯಲಾತು, ಚೊಲೊ ಆತು. ಇಬ್ಬರೂ ಒಂದೇ ಆಫೀಸಿನವ್ರು ಅಂತ ನಂಗ ಇವತ್ತೇ ತಿಳೀತು, ಒಳಗ ಏನದನೋ ನನಗ ಬ್ಯಾಡ. ನೀವು ಹೇಳ್ರಿ, ಡಿಸೈನ್ ನಿಮ್ದು. ಮೂಲಿ ಭರ್ತಿ ಇರ್ಬೇಕೋ, ತೆರೀಬೇಕೋ?"

ಪಾರ್ಟನರ್ ನನ್ನ ಕಡೆ ನೋಡಲಿಲ್ಲ. "ತೆರೀಬೇಕ್ರಿ ಉಸ್ತಾದ್. ಅಲ್ಲಿ ತೂತು ಬೇಕೇಬೇಕು. ಮೂರು ವೆಲ್ಡಿಂಗ್ ಒಂದ ಕಡೆ ಕೂಡಿದ್ರ ಬಿರುಕು ಬಿಡ್ತದ. ಕೊಡಂಬಲದಾಗ ಅದೇ ಆಗಿದ್ದು."

ಎಷ್ಟೆಂದರೂ ಮಾತಿಗೆ ನಿಂತ ಎಂದುಕೊಂಡೆ.

"ಮತ್ತ ನೀವು ಕೊಟ್ಟಿದ್ದರಾಗ ಯಾಕ ಇದ್ದಿಲ್ಲ?" ಎಂದರು ಉಸ್ತಾದರು.

"ನಾ ಕೊಟ್ಟಿದ್ದರಾಗ ಇತ್ರಿ." ಅವನ ದನಿ ಒಂಚೂರೂ ಅಲುಗಲಿಲ್ಲ. "ಈ ಮೆಶ್ ಮಾಡೂ ಮಂದಿ ಹಿಂಗೇ ಮಾಡ್ತಾರ. ತ್ರಾಸ ಕೊಡೂ ತೂತು ಕಂಡ್ರ ಮುಚ್ಚಿ ಕೆಲಸ ಹಗರ ಮಾಡ್ಕೋತಾರ. ಕಲಬುರಗಿಯವರು ಮುಚ್ಚ್ಯಾರೋ, ಇವರ ಕೈಯಾಗ ಮುಚ್ಚ್ಯದೋ. ಇವರು ಗುರುವಾರ ಫೋನ್ ಹಚ್ಚಿದಾಗೇ ನಂಗ ಅನುಮಾನ ಬಂತು. ಅದಕ್ಕೇ ಸ್ಲ್ಯಾಬ್ ಕೆಲಸ ಬಿಟ್ಟು ಓಡಿ ಬಂದೆ."

ಉಸ್ತಾದರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕಟಿಂಗ್ ಟೇಬಲ್ಲಿನ ಹತ್ತಿರ ನಿಂತಿದ್ದ ಕೆಲಸದವರೂ ತಿರುಗಿದರು. ನಾನು ಬಾಯಿ ತೆರೆದರೆ ಡಿಸೈನ್ ಯಾರದು ಎಂಬ ಮಾತು ಹೊರಗೆ ಬರಲೇಬೇಕಿತ್ತು. ಬಂದರೆ ಜಗಳ, ಜಗಳವಾದರೆ ಉಸ್ತಾದರು ಇಬ್ಬರ ಮಾತನ್ನೂ ಬಿಟ್ಟು ತಮ್ಮ ಮನಸ್ಸಿಗೆ ಬಂದ ಹಾಗೆ, ಭರ್ತಿ, ಕತ್ತರಿಸುತ್ತಿದ್ದರು. ಪಾರ್ಟನರ್ ಅದನ್ನೂ ಲೆಕ್ಕ ಹಾಕಿಯೇ ಬಂದಿದ್ದ.

ಜೇಬಿನಿಂದ ಪೆನ್‌ಡ್ರೈವ್ ತೆಗೆದು ಉಸ್ತಾದರ ಕೈಗೆ ಕೊಟ್ಟೆ. "ಇದರಾಗ ಮೂಲಿ ತೆರದದ್ದು ಅದರಿ. ಹಿಂದಿಂದು ಅಳಿಸಿಬಿಡ್ರಿ."

ಮಷಿನ್ನಿನವನು ಫೈಲು ಹಾಕಿದ. ಪ್ಲೇಟಿನ ಮೇಲೆ ನೀಲಿ ಬೆಂಕಿ ಓಡಿತು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಅದರ ದಾರಿಯನ್ನೇ ನೋಡುತ್ತ ನಿಂತೆ. ತ್ರಿಕೋನದ ಕೆಳತುದಿಗೆ ಬಂದಾಗ ಅದು ನೇರ ಹೋಗದೆ ಒಳಕ್ಕೆ ಬಾಗಿ, ದುಂಡಗೆ ತಿರುಗಿ ಹೊರಬಂತು.

ಉಸ್ತಾದರು ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಆಗ್ತದ ಇಂಜಿನಿಯರ್ ಸಾಬ್, ಮನಸಿಗೆ ಹಚ್ಕೋಬ್ಯಾಡ್ರಿ. ನಾ ಯಾರ ಮುಂದೂ ಅನ್ನಂಗಿಲ್ಲ. ಆದ್ರ ಒಂದು ಮಾತು ಹೇಳ್ತೀನಿ ಕೇಳ್ರಿ. ಪಾರ್ಟನರ್ ಹುಷಾರ್ ಅದಾನಂತ ಈ ಸಲ ಬಚಾವ್ ಆದ್ರಿ. ಇಂಥಾವನ ಕೈ ಬಿಡಬ್ಯಾಡ್ರಿ."

"ಹೌದ್ರಿ" ಎಂದೆ.

ಕತ್ತರಿಸಿದ ರಿಬ್ಬನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟರು. ಮುಂದಿನ ಪ್ಲೇಟು ಟೇಬಲ್ಲಿನ ಮೇಲೆ ಬಂತು. ಅದರ ಮೂಲೆಯೂ ತೆರೆದದ್ದನ್ನು ನೋಡಿಕೊಂಡು ಹೊರಟೆ.